ಲಿಂಬೆ ಸಿಪ್ಪೆಯಿಂದ ಜೀವಕೋಶಗಳಿಗೆ ಹಂದರ: ಸಸ್ಯಮೂಲದ ಹೈಡ್ರೋಜೆಲ್ ತಯಾರಿಸಿ ಪ್ರಿಂಟ್ ಮಾಡುವ ಸಮಗ್ರ ಮಾರ್ಗದರ್ಶಿ

ವಿಜಯಪುರ ಕಡೆಯ ಹಲವು ಹಳ್ಳಿಗಳಲ್ಲಿ ಬೋರ್‌ವೆಲ್ ನೀರು ಸವಳು. ಆ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ. ನಮ್ಮ ಅವ್ವ ಬೇಳೆಗೆ ಅಂತಲೇ ಒಂದು ಕೊಡ ಸಿಹಿನೀರು ಬೇರೆ ಇಡುತ್ತಿದ್ದಳು. ಅದೂ ಇಲ್ಲದ ದಿನ ಚಿಟಿಕೆ ಅಡುಗೆ ಸೋಡಾ ಹಾಕುತ್ತಿದ್ದಳು. ಆಗ ಬೇಳೆ ಕರಗುತ್ತಿತ್ತು.

ಈ ಮಾರ್ಗದರ್ಶಿಯ ರಸಾಯನಶಾಸ್ತ್ರ ಅರ್ಧದಷ್ಟು ಆ ಒಲೆಯ ಮೇಲೇ ಇದೆ. ಬೇಳೆಯ ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗೋಂದು ಪೆಕ್ಟಿನ್. ಸವಳು ನೀರಿನಲ್ಲಿರುವ ಕ್ಯಾಲ್ಸಿಯಂ ಹೋಗಿ ಪೆಕ್ಟಿನ್ ಎಳೆಗಳ ನಡುವೆ ಕೂತು ಗಂಟು ಹಾಕುತ್ತದೆ. ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಸೋಡಾ ಹಾಕಿದರೆ ನೀರು ಕ್ಷಾರವಾಗುತ್ತದೆ, ಬಿಸಿಯೂ ಸೇರಿ ಪೆಕ್ಟಿನ್ ಎಳೆಯೇ ತುಂಡಾಗುತ್ತದೆ. ಪೇಠಾ ಮಾಡುವವರು ಬೂದುಗುಂಬಳವನ್ನು ಸುಣ್ಣದ ತಿಳಿನೀರಿನಲ್ಲಿ ನೆನೆಸುವುದೂ ಇದೇ ಕ್ಯಾಲ್ಸಿಯಂ ಗಂಟಿಗಾಗಿ. ನಾವು ಮಾಡುವುದು ಇಷ್ಟೇ: ಆ ಪೆಕ್ಟಿನ್ನನ್ನು ಲಿಂಬೆ ಸಿಪ್ಪೆಯಿಂದ ತೆಗೆಯುವುದು, ಹದ ಮಾಡುವುದು, 3ಡಿ ಪ್ರಿಂಟರ್‌ನಿಂದ ಎಳೆ ಎಳೆಯಾಗಿ ಜಾಲರಿ ಹಾಕುವುದು, ಕ್ಯಾಲ್ಸಿಯಂ ಕೊಟ್ಟು ಗಂಟು ಹಾಕಿಸುವುದು. ಆ ಜಾಲರಿಯಲ್ಲಿ ಜೀವಕೋಶಗಳು ಬೆಳೆಯಬೇಕು. ತಿಕೋಟಾ ಕಡೆ ದ್ರಾಕ್ಷಿ ಬಳ್ಳಿಗೆ ಹಂದರ ಹಾಕುತ್ತಾರಲ್ಲ, ಹಾಗೆ ಜೀವಕೋಶಗಳಿಗೆ ಒಂದು ಹಂದರ. ಇಂಗ್ಲಿಷ್‌ನಲ್ಲಿ ಸ್ಕ್ಯಾಫೋಲ್ಡ್ ಅಂತಾರೆ. ನನಗೆ ಹಂದರ ಅನ್ನುವ ಮಾತೇ ಹೆಚ್ಚು ಸರಿ ಅನಿಸುತ್ತದೆ.

ಬಯೋಟೆಕ್, ಫಾರ್ಮಸಿ, ಬಯೋಮೆಡಿಕಲ್ ಓದುತ್ತಿರುವ ನಮ್ಮ ಭಾಗದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ದೊಡ್ಡ ಊರಿನ ಪ್ರಯೋಗಾಲಯಗಳಲ್ಲಿ ಮಾತ್ರ ಆಗುವ ಕೆಲಸ ಇದು ಅನ್ನುವ ಅಂಜಿಕೆ ಬಹಳ ಜನರಲ್ಲಿದೆ. ಜೀವಕೋಶದ ಭಾಗ ಬಿಟ್ಟರೆ ಉಳಿದದ್ದನ್ನೆಲ್ಲ ಒಂದು ಸಾಧಾರಣ ಕಾಲೇಜು ಲ್ಯಾಬ್‌ನಲ್ಲಿ ಮಾಡಬಹುದು. ಮತ್ತೆ, ಎಲ್ಲರೂ ಪ್ರಿಂಟರ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಕೆಲಸ ಕೆಡುವುದು ಪ್ರಿಂಟರ್‌ನಲ್ಲಿ ಅಲ್ಲ, ಪುಡಿಯಲ್ಲಿ. ಅದಕ್ಕೇ ಪುಡಿಯ ಬಗ್ಗೆ ಜಾಸ್ತಿ ಬರೆದಿದ್ದೇನೆ.

ಮೊದಲು ಎರಡು ಮಾತು ತಿಳಿದಿರಲಿ

ಹೈಡ್ರೋಜೆಲ್ ಅಂದರೆ ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಹಿಡಿದುಕೊಂಡೂ ಆಕಾರ ಬಿಡದ ಎಳೆಗಳ ಜಾಲ. ನಮ್ಮ ಮೈಯ ಮೃದು ಅಂಗಗಳೂ ಹೆಚ್ಚುಕಡಿಮೆ ಹೀಗೇ ಇವೆ. ಅದಕ್ಕೇ ಜೀವಕೋಶಕ್ಕೆ ಜೆಲ್ ಒಗ್ಗುತ್ತದೆ. 1960ರಲ್ಲಿ ಓಟೋ ವಿಕ್ಟರ್ಲೆ ಮತ್ತು ದ್ರಹೋಸ್ಲಾವ್ ಲಿಮ್ ಅನ್ನುವ ಇಬ್ಬರು ಜೆಕ್ ವಿಜ್ಞಾನಿಗಳು ದೇಹಕ್ಕೆ ಹೊಂದುವ ಜೆಲ್‌ಗಳ ಬಗ್ಗೆ ಬರೆದರು. ಮೃದು ಕಾಂಟ್ಯಾಕ್ಟ್ ಲೆನ್ಸ್ ಬಂದದ್ದು ಆ ದಾರಿಯಿಂದಲೇ. ಪೆಕ್ಟಿನ್ನಿನ ಕಥೆ ಇನ್ನೂ ಹಳೆಯದು. ಅದನ್ನು ಬೇರೆ ಮಾಡಿ ಹೆಸರಿಟ್ಟದ್ದು ಫ್ರಾನ್ಸಿನ ಆನ್ರಿ ಬ್ರಾಕೊನೋ, 1825ರಲ್ಲಿ.

ಪೆಕ್ಟಿನ್ನಿನಲ್ಲಿ ಎರಡು ಜಾತಿ. ಗ್ಯಾಲಕ್ಟುರೋನಿಕ್ ಆಮ್ಲದ ಮಣಿಗಳನ್ನು ಪೋಣಿಸಿದ ಸರ ಅಂದುಕೊಳ್ಳಿ. ಕೆಲವು ಮಣಿಗಳಿಗೆ ಮೀಥೈಲ್ ಟೋಪಿ ಇರುತ್ತದೆ, ಕೆಲವು ಬರಿತಲೆ. ಅರ್ಧಕ್ಕಿಂತ ಜಾಸ್ತಿ ಮಣಿಗಳಿಗೆ ಟೋಪಿ ಇದ್ದರೆ ಹೈ ಮೆಥಾಕ್ಸಿಲ್. ಅದು ಜಾಮ್‌ನಲ್ಲಿ ಗಟ್ಟಿಯಾಗುವಂಥದ್ದು, ಸಕ್ಕರೆಯೂ ಹುಳಿಯೂ ಬೇಕು. ಅರ್ಧಕ್ಕಿಂತ ಕಡಿಮೆ ಇದ್ದರೆ ಲೋ ಮೆಥಾಕ್ಸಿಲ್. ಅದಕ್ಕೆ ಸಕ್ಕರೆ ಬೇಡ, ಕ್ಯಾಲ್ಸಿಯಂ ಸಾಕು. ಬರಿತಲೆಯ ಮಣಿಗಳು ಎದುರುಬದುರು ನಿಂತು ನಡುವೆ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತವೆ. ಟ್ರೇಯಲ್ಲಿ ಮೊಟ್ಟೆ ಕೂತ ಹಾಗೆ. ನಮಗೆ ಬೇಕಾದದ್ದು ಈ ಎರಡನೆಯದು. ಸಿಪ್ಪೆಯಿಂದ ಬರುವುದು ಮಾತ್ರ ಸಾಮಾನ್ಯವಾಗಿ ಮೊದಲನೆಯದು. ಹಾಗಾಗಿ ನಡುವೆ ಟೋಪಿ ತೆಗೆಯುವ ಒಂದು ಹಂತ ಇದೆ.

ಹಂತ 1: ಸಿಪ್ಪೆ ತರುವುದು

ಇಂಡಿ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ, ಹೆಸರು ದೇಶಕ್ಕೆಲ್ಲ ಗೊತ್ತು. ಆದರೆ ರಸ ಹಿಂಡಿದ ಮೇಲೆ ಸಿಪ್ಪೆ ಹೋಗುವುದು ತಿಪ್ಪೆಗೆ. ಬೇಸಿಗೆಯಲ್ಲಿ ವಿಜಯಪುರದ ಗಾಂಧಿ ಚೌಕದ ಸುತ್ತ ಲಿಂಬು ಸೋಡಾ ಮಾರುವವರ ಹತ್ತಿರ ಕೇಳಿ ನೋಡಿ, ಸಂಜೆಗೆ ಬಕೆಟ್ ತುಂಬ ಸಿಪ್ಪೆ ಕೊಡುತ್ತಾರೆ. ಅದರಲ್ಲಿ ಬೆಳಗ್ಗೆ ಹೆಚ್ಚಿದ್ದನ್ನು ಬಿಡಿ. ಲಿಂಬೆ ಹೆಚ್ಚಿದ ತಕ್ಷಣ ಸಿಪ್ಪೆಯೊಳಗಿನ ಕಿಣ್ವಗಳು ಪೆಕ್ಟಿನ್ನನ್ನು ತಮಗೆ ಬೇಕಾದ ಹಾಗೆ ಬದಲಿಸುತ್ತ ಹೋಗುತ್ತವೆ. ಹೊತ್ತು ಕಳೆದಷ್ಟೂ ಒಂದೊಂದು ಸಿಪ್ಪೆ ಒಂದೊಂದು ಥರ ಆಗುತ್ತದೆ. ಎರಡು ತಾಸಿನೊಳಗಿನ ಸಿಪ್ಪೆ ತಂದು ಅವತ್ತೇ ಕುದಿಸಿ. ಬೂಷ್ಟು ಹಿಡಿದ ಒಂದು ಸಿಪ್ಪೆ ಕಂಡರೂ ತೆಗೆದು ಎಸೆಯಿರಿ.

ಲ್ಯಾಬ್‌ಗೆ ತಂದ ಕೂಡಲೇ ಚೂರು ಮಾಡಿ, ಕುದಿಯುವ ನೀರಿನಲ್ಲಿ 5 ನಿಮಿಷ ಮುಳುಗಿಸಿ, ಆ ನೀರು ಚೆಲ್ಲಿ. ಕಿಣ್ವ ಸತ್ತಿತು, ಕಹಿಯೂ ಸ್ವಲ್ಪ ಹೋಯಿತು. ಆಮೇಲೆ ಶೇ. 95ರ ಎಥನಾಲ್‌ನಲ್ಲಿ ಎರಡು ಸಲ ನೆನೆಸಿ ಸೋಸಿ. ಹೊರಸಿಪ್ಪೆಯ ಎಣ್ಣೆ ಹೋಗಲೇಬೇಕು. ಲಿಂಬೆಯ ಘಮ ಕೊಡುವ ಲಿಮೊನೀನ್ ಜೀವಕೋಶಕ್ಕೆ ವಿಷ. ಒಣಗಿದ ಮೇಲೆ ಸಿಪ್ಪೆ ಮೂಸಿ ನೋಡಿ. ಘಮ ಬರುತ್ತಿದ್ದರೆ ಇನ್ನೊಂದು ಸಲ ನೆನೆಸಿ.

ಒಣಗಿಸಲು 50 ಡಿಗ್ರಿಯ ಓವನ್ ಬಳಸಿ. ಎಥನಾಲ್ ಪೂರ್ತಿ ಆರುವವರೆಗೆ ಮೊದಲು ಫ್ಯೂಮ್ ಹುಡ್‌ನಲ್ಲಿ (ಆವಿಯನ್ನು ಹೊರಗೆಳೆಯುವ ಕಪಾಟು) ಹರವಿಡಿ, ಹಸಿ ಎಥನಾಲ್ ಇರುವುದನ್ನು ಓವನ್‌ಗೆ ಹಾಕಿದರೆ ಬೆಂಕಿ ಹೊತ್ತಬಹುದು. ಏಪ್ರಿಲ್ ಬಿಸಿಲಿಗೆ ಮಾಳಿಗೆಯ ಮೇಲೆ ಹರವಿದರೂ ಒಂದೇ ದಿನಕ್ಕೆ ಒಣಗುತ್ತದೆ, ಆಸೆಯೂ ಆಗುತ್ತದೆ. ಬೇಡ. ನಮ್ಮೂರ ಗಾಳಿಯಲ್ಲಿ ಎಷ್ಟು ಧೂಳು ಅಂತ ಗೊತ್ತಲ್ವಾ. ಒಣಗಿದ್ದನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, 40 ಮೆಶ್ ಜರಡಿ ಹಿಡಿಯಿರಿ.

ಹಂತ 2: ಪೆಕ್ಟಿನ್ ತೆಗೆಯುವುದು

20 ಗ್ರಾಂ ಪುಡಿಗೆ 600 ಮಿ.ಲೀ. ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರು ಇಲ್ಲಿಂದ ಮುಂದೆ ಯಾವ ಹಂತದಲ್ಲೂ ಬೇಡ, ಪಾತ್ರೆ ತೊಳೆದ ಕೊನೆಯ ಸುತ್ತಿಗೂ ಬೇಡ. ಬೇಳೆಯ ಕಥೆ ನೆನಪಿರಲಿ.

ತೆಳು (ಡೈಲ್ಯೂಟ್) ಹೈಡ್ರೋಕ್ಲೋರಿಕ್ ಆಮ್ಲ ಹನಿಹನಿಯಾಗಿ ಹಾಕಿ ಪಿಎಚ್ 2ಕ್ಕೆ ತನ್ನಿ. ಸಿಟ್ರಿಕ್ ಆಮ್ಲ ಹಾಕಿ ಅಂತ ಹಲವು ವಿಧಾನಗಳಲ್ಲಿ ಇರುತ್ತದೆ. ತಿನ್ನುವ ಪೆಕ್ಟಿನ್‌ಗೆ ಅದು ಒಳ್ಳೆಯದೇ. ನಮ್ಮ ಕೆಲಸಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತೊಳೆದ ಮೇಲೂ ಸ್ವಲ್ಪ ಉಳಿದರೆ, ನಾಳೆ ಜೆಲ್ ಆಗುವ ಹೊತ್ತಿಗೆ ಕ್ಯಾಲ್ಸಿಯಂ ಕದ್ದುಬಿಡುತ್ತದೆ.

85 ಡಿಗ್ರಿಯಲ್ಲಿ 60 ನಿಮಿಷ, ಕಲಕುತ್ತ ಇರಿ. ಹೆಚ್ಚು ಹೊತ್ತು ಬೇಯಿಸಿದರೆ ಪ್ರಮಾಣ ಜಾಸ್ತಿ ಸಿಗುತ್ತದೆ ನಿಜ, ಆದರೆ ಎಳೆ ಗಿಡ್ಡ ಆಗುತ್ತದೆ. ಗಿಡ್ಡ ಎಳೆಯ ಜೆಲ್ ಪುಸಕ್ಕನೆ ಮುರಿಯುತ್ತದೆ. ಬಿಸಿ ಇರುವಾಗಲೇ ನಾಲ್ಕು ಮಡಿಕೆಯ ಮಲ್ ಬಟ್ಟೆಯಲ್ಲಿ ಸೋಸಿ. ಬಟ್ಟೆ ಹಿಂಡಬೇಡಿ, ಹಿಂಡಿದರೆ ಸಣ್ಣ ನಾರು ಕೆಳಗೆ ಬಂದು ಮುಂದೆ ಪ್ರಿಂಟರ್ ಸೂಜಿ ಕಟ್ಟುತ್ತದೆ. ಸೋಸಿದ್ದನ್ನು ಸೆಂಟ್ರಿಫ್ಯೂಜ್‌ನಲ್ಲಿ 20 ನಿಮಿಷ ತಿರುಗಿಸಿ ತಿಳಿ ತೆಗೆದುಕೊಳ್ಳಿ.

ತಿಳಿ ತಣ್ಣಗಾದ ಮೇಲೆ ಅದರ ಎರಡು ಪಟ್ಟು ಎಥನಾಲ್ ಹಾಕಿ. ಈ ಗಳಿಗೆಯನ್ನು ನೋಡಲೇಬೇಕು. ಹಳದಿ ನೀರಿನೊಳಗೆ ಮೊದಲು ಮೋಡದಂಥದ್ದು ಏಳುತ್ತದೆ. ಆಮೇಲೆ ಅದು ಎಳೆ ಎಳೆಯಾಗಿ ಕೂಡಿಕೊಂಡು, ನಡುವೆ ಗಾಳಿಗುಳ್ಳೆ ಸಿಕ್ಕಿಸಿಕೊಂಡು, ನೆನೆಸಿದ ಹತ್ತಿಯ ಹಾಗೆ ಮೇಲೆ ತೇಲಿ ನಿಲ್ಲುತ್ತದೆ. ಗಾಜಿನ ಕಡ್ಡಿಗೆ ಸುತ್ತಿದರೆ ಉಂಡೆಯಾಗಿ ಬರುತ್ತದೆ. ಒಂದು ರಾತ್ರಿ ಫ್ರಿಜ್‌ನಲ್ಲಿ ಬಿಡಿ.

ಬೆಳಗ್ಗೆ ಆ ಉಂಡೆಯನ್ನು ಶೇ. 70ರ ಎಥನಾಲ್‌ನಲ್ಲಿ ತೊಳೆಯಿರಿ. ಎಷ್ಟು ಸಲ? ಲೆಕ್ಕ ಬೇಡ, ಪರೀಕ್ಷೆ ಮಾಡಿ. ತೊಳೆದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿ. ಬೆಳ್ಳಗೆ ಕದಡಿದರೆ ಆಮ್ಲದ ಕ್ಲೋರೈಡ್ ಇನ್ನೂ ಇದೆ. ತಿಳಿಯಾಗಿಯೇ ಉಳಿಯುವವರೆಗೆ ತೊಳೆಯಿರಿ. ಕೊನೆಗೆ ಶೇ. 95ರ ಎಥನಾಲ್‌ನಲ್ಲಿ ಒಂದು ಸಲ. ಎಥನಾಲ್ ಆರಿದ ಮೇಲೆ 40 ಡಿಗ್ರಿಯಲ್ಲಿ ಒಣಗಿಸಿ. 100 ಗ್ರಾಂ ಒಣ ಸಿಪ್ಪೆಗೆ 15ರಿಂದ 25 ಗ್ರಾಂ ಪೆಕ್ಟಿನ್ ಬಂದರೆ ಕೆಲಸ ಚೆನ್ನಾಗಿ ಆಗಿದೆ ಅಂತ ತಿಳಿಯಿರಿ.

ಹಂತ 3: ಟೋಪಿ ಎಷ್ಟಿದೆ ಅಂತ ಅಳೆಯುವುದು, ತೆಗೆಯುವುದು

ಅಳತೆಗೆ ಟೈಟ್ರೇಷನ್ ಸಾಕು. ಅರ್ಧ ಗ್ರಾಂ ಪೆಕ್ಟಿನ್‌ಗೆ ಸ್ವಲ್ಪ ಎಥನಾಲ್ ಚಿಮುಕಿಸಿ ಒದ್ದೆ ಮಾಡಿ, 100 ಮಿ.ಲೀ. ನೀರಿನಲ್ಲಿ ಕರಗಿಸಿ, ಫಿನಾಲ್ಫ್ತಲೀನ್ ಹಾಕಿ. 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್‌ನಿಂದ ತಿಳಿಗುಲಾಬಿ ಬರುವವರೆಗೆ ಟೈಟ್ರೇಟ್ ಮಾಡಿ. ಖರ್ಚಾದದ್ದು ಮೊದಲ ಅಂಕಿ. ಅದಕ್ಕೇ ಇನ್ನಷ್ಟು ಹೈಡ್ರಾಕ್ಸೈಡನ್ನು ಅಳೆದು ಹಾಕಿ ಅರ್ಧ ತಾಸು ಬಿಡಿ, ಟೋಪಿಗಳೆಲ್ಲ ಕಳಚುತ್ತವೆ. ಎಷ್ಟು ಹೈಡ್ರಾಕ್ಸೈಡ್ ಹಾಕಿದಿರೋ ಅದಕ್ಕೆ ಸರಿಸಮ ಆಮ್ಲ ಹಾಕಿ ಗುಲಾಬಿ ಬಣ್ಣ ಅಳಿಸಿ, ಮತ್ತೆ ಟೈಟ್ರೇಟ್ ಮಾಡಿ. ಇದು ಎರಡನೆಯ ಅಂಕಿ. ಎರಡನೆಯದನ್ನು ಎರಡರ ಮೊತ್ತದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಎಷ್ಟು ಮಣಿಗೆ ಟೋಪಿ ಇತ್ತು ಅಂತ ಗೊತ್ತಾಗುತ್ತದೆ. ಲಿಂಬೆ ಸಿಪ್ಪೆಯಲ್ಲಿ ಇದು 50 ದಾಟಿಯೇ ಇರುತ್ತದೆ ಅಂದುಕೊಂಡು ಶುರು ಮಾಡಿ. ನಮಗೆ ಬೇಕಾದದ್ದು 30ರಿಂದ 40.

ಇಳಿಸಲು ಪೆಕ್ಟಿನ್ನಿನ ಶೇ. 2ರ ದ್ರಾವಣವನ್ನು ಐಸ್ ತುಂಬಿದ ಬೋಗುಣಿಯಲ್ಲಿ ಕೂರಿಸಿ 5 ಡಿಗ್ರಿಗೆ ತನ್ನಿ. ತಣ್ಣಗಿನ 0.5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡನ್ನು ಒಂದೊಂದೇ ಹನಿ ಹಾಕುತ್ತ ಪಿಎಚ್ 10ರಿಂದ 10.5ರಲ್ಲಿ ಹಿಡಿದಿಡಿ. ಟೋಪಿ ಕಳಚಿದಂತೆಲ್ಲ ಪಿಎಚ್ ಇಳಿಯುತ್ತದೆ, ಮತ್ತೆ ಹನಿ ಹಾಕಬೇಕು. ಹಾಗಾಗಿ ಎದುರಿಗೆ ಕೂತೇ ಇರಬೇಕು, ಚಹಾಕ್ಕೆ ಎದ್ದು ಹೋಗುವಂತಿಲ್ಲ. ಐಸ್ ಕರಗಿ ದ್ರಾವಣ ಬಿಸಿಯಾದರೆ ಟೋಪಿಯ ಜೊತೆಗೆ ಸರವೂ ಹರಿಯುತ್ತದೆ. ಅವ್ವ ಸೋಡಾ ಹಾಕಿ ಬೇಳೆ ಕರಗಿಸಿದ್ದು ಹಾಗೆಯೇ. ಅಲ್ಲಿ ಅದು ಬೇಕಿತ್ತು, ಇಲ್ಲಿ ಬೇಡ.

ಒಂದು ತಾಸಾದ ಮೇಲೆ ಆಮ್ಲ ಹಾಕಿ ಪಿಎಚ್ 5ಕ್ಕೆ ತಂದು, ಹಿಂದಿನಂತೆಯೇ ಎಥನಾಲ್‌ನಲ್ಲಿ ತೇಲಿಸಿ ತೊಳೆಯಿರಿ. ಅದರಲ್ಲಿ ಸ್ವಲ್ಪ ಪುಡಿಯನ್ನು ಆಮ್ಲ ಬೆರೆಸಿದ ಶೇ. 70ರ ಎಥನಾಲ್‌ನಲ್ಲಿ ತೊಳೆದು, ಕ್ಲೋರೈಡ್ ಹೋಗುವವರೆಗೆ ಬರಿ ಎಥನಾಲ್‌ನಲ್ಲಿ ತೊಳೆದು ಒಣಗಿಸಿ, ಟೈಟ್ರೇಷನ್ ಮತ್ತೆ ಮಾಡಿ. ಹೀಗೆ ಮಾಡದಿದ್ದರೆ ಬರಿತಲೆಯ ಮಣಿಗಳಲ್ಲಿ ಕೂತ ಸೋಡಿಯಂನಿಂದ ಅಂಕಿ ತಪ್ಪಾಗಿ ಹೆಚ್ಚು ಬರುತ್ತದೆ. ಇನ್ನೂ 45 ತೋರಿಸಿದರೆ ಮುಂದಿನ ಸಲ ಸಮಯ ಹೆಚ್ಚಿಸಿ. ಜೀವಕೋಶದ ಕೆಲಸಕ್ಕೆ ಹೋಗುವ ಪುಡಿಯನ್ನು ಕೊನೆಗೆ ನೀರಿನಲ್ಲಿ ಕರಗಿಸಿ ಡಯಾಲಿಸಿಸ್ ಚೀಲದಲ್ಲಿ (ಉಪ್ಪಿನಂಥ ಸಣ್ಣ ಕಣ ಮಾತ್ರ ಹೊರಗೆ ಬಿಡುವ ಚೀಲ) ಮೂರು ದಿನ ಇಟ್ಟು, ದಿನಕ್ಕೆ ಎರಡು ಸಲ ಹೊರಗಿನ ನೀರು ಬದಲಿಸಿ, ಫ್ರೀಜ್ ಡ್ರೈ ಮಾಡಿಸಬೇಕು, ಅಂದರೆ ಹೆಪ್ಪುಗಟ್ಟಿಸಿ ಒಣಗಿಸಬೇಕು. ನಿಮ್ಮ ಕಾಲೇಜಿನಲ್ಲಿ ಫ್ರೀಜ್ ಡ್ರೈಯರ್ ಇಲ್ಲದಿದ್ದರೆ ಹತ್ತಿರದ ವೈದ್ಯಕೀಯ, ಫಾರ್ಮಸಿ ಅಥವಾ ತೋಟಗಾರಿಕೆ ಕಾಲೇಜಿನಲ್ಲಿ ವಿಚಾರಿಸಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಇಂಥ ಸಂಸ್ಥೆಗಳಿವೆ. ಪತ್ರ ಬರೆದು ಕೇಳಲು ಸಂಕೋಚ ಬೇಡ.

ಇಷ್ಟಕ್ಕೆಲ್ಲ ಸಮಯವೇ ಇಲ್ಲ ಅನ್ನುವವರು ಲೋ ಮೆಥಾಕ್ಸಿಲ್ ಪೆಕ್ಟಿನ್ ಕೊಂಡು ತಂದು ನೇರವಾಗಿ ಮುಂದಿನ ಹಂತಕ್ಕೆ ಹೋಗಬಹುದು. ಆದರೆ ಪ್ಯಾಕೆಟ್ ಮೇಲೆ ಸಕ್ಕರೆ ಸೇರಿಸಿದ್ದಾರಾ ಅಂತ ನೋಡಿ. ಅಡುಗೆ ಪೆಕ್ಟಿನ್ನಿನಲ್ಲಿ ಸಕ್ಕರೆ ಬೆರೆಸಿರುವುದು ಸಾಮಾನ್ಯ.

ಹಂತ 4: ಇಂಕ್ ಹದ ಮಾಡುವುದು

ಪ್ರಿಂಟರ್‌ಗೆ ಹಾಕುವ ಜೆಲ್ಲಿಗೆ ಇಂಕ್ ಅನ್ನುತ್ತಾರೆ. ಅದರ ಗುಣ ಒಂದೇ ಮಾತಿನಲ್ಲಿ: ಒತ್ತಿದಾಗ ಹರಿಯಬೇಕು, ಬಿಟ್ಟಾಗ ನಿಲ್ಲಬೇಕು. ಸಂಡಿಗೆ ಒತ್ತುವವರಿಗೆ ಇದನ್ನು ಹೇಳಿಕೊಡುವುದೇ ಬೇಡ. ಹಿಟ್ಟು ತೆಳುವಾದರೆ ಹಾಳೆಯ ಮೇಲೆ ಹರಡಿ ಹೋಗುತ್ತದೆ. ಗಟ್ಟಿಯಾದರೆ ಒರಳಿನಿಂದ ತುಂಡು ತುಂಡಾಗಿ ಬೀಳುತ್ತದೆ, ಕೈ ನೋಯುತ್ತದೆ.

ಬರಿ ಪೆಕ್ಟಿನ್ ಈ ಹದಕ್ಕೆ ಬರುವುದು ಕಷ್ಟ. ಅದಕ್ಕೆ ಇಬ್ಬರು ಜೊತೆಗಾರರು ಬೇಕು. ಒಂದು, ಸೋಡಿಯಂ ಆಲ್ಜಿನೇಟ್. ಕಂದು ಸಮುದ್ರ ಪಾಚಿಯಿಂದ ಬರುತ್ತದೆ, ಪೆಕ್ಟಿನ್ ಹಾಗೆಯೇ ಕ್ಯಾಲ್ಸಿಯಂಗೆ ಗಂಟು ಹಾಕಿಕೊಳ್ಳುತ್ತದೆ. ಇನ್ನೊಂದು, ಮೀಥೈಲ್ ಸೆಲ್ಯುಲೋಸ್. ಇದು ಕ್ಯಾಲ್ಸಿಯಂಗೆ ಸೊಪ್ಪು ಹಾಕುವುದಿಲ್ಲ. ಪ್ರಿಂಟ್ ಆಗುವವರೆಗೆ ಮೈ ಗಟ್ಟಿ ಹಿಡಿದುಕೊಂಡು, ಆಮೇಲೆ ದಿನ ಕಳೆದಂತೆ ದ್ರಾವಣಕ್ಕೆ ಸೋರಿ ಹೋಗುತ್ತದೆ. ಹೋಗುವಾಗ ಎಳೆಯೊಳಗೆ ಸಣ್ಣ ಸಣ್ಣ ರಂಧ್ರ ಬಿಟ್ಟು ಹೋಗುತ್ತದೆ. ಅದು ಒಳ್ಳೆಯದೇ, ಜೀವಕೋಶಕ್ಕೆ ಆಹಾರ ಮುಟ್ಟಲು ದಾರಿಯಾಗುತ್ತದೆ.

10 ಮಿ.ಲೀ. ಇಂಕ್‌ಗೆ ಶುರುವಿನ ಅಳತೆ: ಪೆಕ್ಟಿನ್ 0.3 ಗ್ರಾಂ, ಆಲ್ಜಿನೇಟ್ 0.2 ಗ್ರಾಂ, ಮೀಥೈಲ್ ಸೆಲ್ಯುಲೋಸ್ 0.7 ಗ್ರಾಂ. ಇದು ಶುರು ಮಾಡಲು ಮಾತ್ರ. ನಿಮ್ಮ ಸಿಪ್ಪೆ, ನಿಮ್ಮ ಪುಡಿಗೆ ತಕ್ಕಂತೆ ಮೀಥೈಲ್ ಸೆಲ್ಯುಲೋಸ್ 0.5ರಿಂದ 0.9ರವರೆಗೆ ಬದಲಿಸಿ ನೋಡಿ, ಉಳಿದೆರಡನ್ನು ಹಾಗೇ ಇಡಿ. ಎರಡು ಅಳತೆ ಒಟ್ಟಿಗೆ ಬದಲಿಸಿದರೆ ಏನಾಯಿತು ಅಂತ ತಿಳಿಯುವುದಿಲ್ಲ.

ಮೊದಲು ಪೆಕ್ಟಿನ್ನನ್ನು ಹೆಪಿಸ್ ಬಫರ್ (ಪಿಎಚ್ ಏರಿಳಿಯದಂತೆ ಹಿಡಿದಿಡುವ ಪದಾರ್ಥ) ಹಾಕಿದ ಸಲೈನ್‌ನಲ್ಲಿ ಕರಗಿಸಿ. ದ್ರಾವಣ ಹುಳಿ ಇರುತ್ತದೆ. ತೆಳು ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ನಿಧಾನಕ್ಕೆ ಪಿಎಚ್ 7.2ಕ್ಕೆ ತನ್ನಿ. ಈ ಒಂದು ಕೆಲಸ ಮರೆತರೆ ಮುಂದೆ ಜೀವಕೋಶಗಳೆಲ್ಲ ಸಾಯುತ್ತವೆ, ನೀವು ಬೇರೆಲ್ಲೋ ತಪ್ಪು ಹುಡುಕುತ್ತಿರುತ್ತೀರಿ. ಆಮೇಲೆ ಆಲ್ಜಿನೇಟ್ ಉದುರಿಸುತ್ತ ಕಲಕಿ. ಪೂರ್ತಿ ಕರಗಿದ ಮೇಲೆ ಮೀಥೈಲ್ ಸೆಲ್ಯುಲೋಸ್. ಇದು ತಣ್ಣೀರಿನಲ್ಲಿ ಕರಗುವ ಪದಾರ್ಥ, ಬಿಸಿ ಮಾಡಿದರೆ ಉಲ್ಟಾ ಗಟ್ಟಿಯಾಗುತ್ತದೆ. ಕೈಯಿಂದಲೇ ಸ್ಪ್ಯಾಚುಲಾದಲ್ಲಿ ನಾದಿ ಒಂದು ರಾತ್ರಿ ಫ್ರಿಜ್‌ನಲ್ಲಿ ಬಿಡಿ. ಬೆಳಗ್ಗೆ ಎರಡು ಸಿರಿಂಜ್‌ಗಳನ್ನು ಬಾಯಿಗೆ ಬಾಯಿ ಜೋಡಿಸಿ ಇಂಕನ್ನು ಅತ್ತಿತ್ತ 50 ಸಲ ತಳ್ಳಿ. ಕರಗದೆ ಉಳಿದ ಪುಡಿಯ ಗಂಟು ಒಡೆಯುತ್ತವೆ. ಕೊನೆಗೆ ಸಿರಿಂಜ್ ಸಮೇತ ಸೆಂಟ್ರಿಫ್ಯೂಜ್‌ನಲ್ಲಿ ನಿಧಾನಕ್ಕೆ ತಿರುಗಿಸಿದರೆ ಗಾಳಿಗುಳ್ಳೆ ಮೇಲೆ ಬರುತ್ತವೆ. ಒಂದು ಗುಳ್ಳೆ ಉಳಿದರೂ ಪ್ರಿಂಟ್ ಮಾಡುವಾಗ ಆ ಜಾಗದಲ್ಲಿ ಎಳೆ ತುಂಡಾಗುತ್ತದೆ.

ಹದ ನೋಡಲು ಮಷೀನ್ ಬೇಕಿಲ್ಲ. ಸಿರಿಂಜ್‌ಗೆ 22 ಗೇಜ್ ಸೂಜಿ ಹಾಕಿ ಕೆಳಮುಖ ಹಿಡಿದು ಮೆಲ್ಲಗೆ ಒತ್ತಿ. ಹನಿಯಾಗಿ ಬಿದ್ದರೆ ತೆಳು. ಎರಡು ಮೂರು ಸೆಂಟಿಮೀಟರ್ ದಾರದ ಹಾಗೆ ಜೋತುಬಿದ್ದರೆ ಹದ ಬಂತು. ಮುರಿದು ಮುರಿದು ಬಿದ್ದರೆ ಗಟ್ಟಿ, ಅಥವಾ ಗಂಟು ಉಳಿದಿದೆ. ಆಮೇಲೆ ಗಾಜಿನ ಮೇಲೆ ಅಡ್ಡ ಒಂದು ಗೆರೆ, ಅದರ ಮೇಲೆ ಉದ್ದ ಒಂದು ಗೆರೆ ಎಳೆಯಿರಿ. ಐದು ನಿಮಿಷ ಬಿಟ್ಟು ನೋಡಿ. ಎರಡು ಗೆರೆ ಕೂಡುವ ಜಾಗದಲ್ಲಿ ಮೇಲಿನದು ಕೆಳಗಿನದರಲ್ಲಿ ಮುಳುಗಿರಬಾರದು.

ನಮ್ಮ ಭಾಗದವರು ಇನ್ನೊಂದು ವಿಷಯ ನೋಡಿಕೊಳ್ಳಬೇಕು. ಬೇಸಿಗೆಯ ಮಧ್ಯಾಹ್ನ ಎಸಿ ಇಲ್ಲದ ಲ್ಯಾಬ್ ಕಾದ ಹಂಚಿನ ಹಾಗಿರುತ್ತದೆ. ಶೆಖೆ ಏರಿದಂತೆ ಇಂಕ್‌ನ ಹದ ಬದಲಾಗುತ್ತದೆ, ಬೆಳಗ್ಗೆ ಬಂದ ಫಲಿತಾಂಶ ಮಧ್ಯಾಹ್ನ ಬರುವುದಿಲ್ಲ. ಬೆಳಗ್ಗೆ ಬೇಗ ಪ್ರಿಂಟ್ ಮಾಡಿ, ಅವತ್ತಿನ ಕೋಣೆಯ ಉಷ್ಣತೆ ನೋಟ್‌ಬುಕ್‌ನಲ್ಲಿ ಬರೆಯಿರಿ.

ಹಂತ 5: ಪ್ರಿಂಟ್

ಇಂಥ ಜೆಲ್ ಪ್ರಿಂಟ್ ಮಾಡಲೆಂದೇ ಇರುವ ಬಯೋಪ್ರಿಂಟರ್ ಇದ್ದರೆ ಸರಿ. ಇಲ್ಲದಿದ್ದರೆ ಪ್ಲಾಸ್ಟಿಕ್ ದಾರ ಕರಗಿಸಿ ಪ್ರಿಂಟ್ ಮಾಡುವ ಸಾಧಾರಣ 3ಡಿ ಪ್ರಿಂಟರ್ ಸಾಕು. ಅದರ ಬಿಸಿ ಮೂತಿ ಬಿಚ್ಚಿ, ಆ ಜಾಗದಲ್ಲಿ ಸ್ಕ್ರೂನಿಂದ ಸಿರಿಂಜ್ ತಳ್ಳುವ ಭಾಗ ಕೂರಿಸಬೇಕು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಂದು ತಂಡ ರೆಪ್ಲಿಸ್ಟ್ರೂಡರ್ ಅನ್ನುವ ಇಂಥ ಭಾಗದ ವಿನ್ಯಾಸವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟಿದೆ. ಮೂತಿ ತಣ್ಣಗಿದ್ದರೆ ಈ ಪ್ರಿಂಟರ್‌ಗಳು ತಳ್ಳಲು ಒಪ್ಪುವುದಿಲ್ಲ. ಪ್ರಿಂಟರ್ ಒಳಗೆ ಅದನ್ನು ನಡೆಸುವ ಮಾರ್ಲಿನ್ ಫರ್ಮ್‌ವೇರ್ (ಸಾಫ್ಟ್‌ವೇರ್) ಇದ್ದರೆ ಎಂ302 ಪಿ1 ಅನ್ನುವ ಆದೇಶ ಕೊಟ್ಟರೆ ಆ ತಡೆ ಹೋಗುತ್ತದೆ.

ಮೊದಲ ಸಲಕ್ಕೆ 22 ಗೇಜ್ ಸಾಕು, ಒಳವ್ಯಾಸ 0.41 ಮಿ.ಮೀ. ಲೋಹದ ನೇರ ಸೂಜಿಗಿಂತ ಪ್ಲಾಸ್ಟಿಕ್ಕಿನ ಕೋನ್ ಮೂತಿ ತೆಗೆದುಕೊಳ್ಳಿ. ಮೆಹಂದಿ ಕೋನ್ ಹಾಗೆ ಕಡಿಮೆ ಒತ್ತಡಕ್ಕೇ ಇಂಕ್ ಬರುತ್ತದೆ, ಮುಂದೆ ಜೀವಕೋಶ ಬೆರೆಸಿದಾಗ ಅವಕ್ಕೆ ಏಟೂ ಕಡಿಮೆ. 15 ಮಿ.ಮೀ. ಚೌಕದ ಜಾಲರಿ, ಎಳೆಯಿಂದ ಎಳೆಗೆ 2 ಮಿ.ಮೀ., ಪದರದ ಎತ್ತರ 0.3 ಮಿ.ಮೀ., ವೇಗ ಸೆಕೆಂಡಿಗೆ 8 ಮಿ.ಮೀ., ನಾಲ್ಕು ಪದರ. ಒತ್ತಡವನ್ನು ಕಡಿಮೆಯಿಂದ ಶುರು ಮಾಡಿ ಎಳೆ ಮುರಿಯದೆ ಬರುವಷ್ಟಕ್ಕೆ ನಿಲ್ಲಿಸಿ.

ತುಂಬ ದಪ್ಪದ, ತೂತಿಲ್ಲದ ಗಟ್ಟಿ ಮುದ್ದೆ ಪ್ರಿಂಟ್ ಮಾಡುವ ಆಸೆ ಬೇಡ. ರಕ್ತನಾಳ ಇಲ್ಲದ ಕಡೆ ಆಮ್ಲಜನಕ ಸುಮಾರು 100ರಿಂದ 200 ಮೈಕ್ರೋಮೀಟರ್ ಒಳಗಷ್ಟೇ ಇಳಿಯುತ್ತದೆ. ಅದರಾಚೆಗಿನ ಜೀವಕೋಶ ಉಸಿರುಗಟ್ಟಿ ಸಾಯುತ್ತದೆ. ಜಾಲರಿ ಹಾಕುವುದು ಚೆಂದಕ್ಕಲ್ಲ. ಅಮೆರಿಕದ ವೂಸ್ಟರ್ ಪಾಲಿಟೆಕ್ನಿಕ್‌ನವರು 2017ರಲ್ಲಿ ಪಾಲಕ್ ಎಲೆಯಿಂದ ಅದರ ಕೋಶಗಳನ್ನು ತೊಳೆದು ತೆಗೆದು, ಎಲೆಯ ನರಗಳನ್ನೇ ರಕ್ತನಾಳದ ಹಾಗೆ ಬಳಸಲು ಹೊರಟಿದ್ದೂ ಈ ಕೊರತೆ ತುಂಬಲಿಕ್ಕೇ. ಅದನ್ನು ಓದಿದ ದಿನದಿಂದ ನನಗೆ ಸಂತೆಯ ಸೊಪ್ಪಿನ ಕಟ್ಟು ಬೇರೆ ಥರ ಕಾಣುತ್ತದೆ.

ಪ್ರಿಂಟ್ ಚೆನ್ನಾಗಿದೆಯಾ ಅಂತ ಕಣ್ಣಳತೆಯಲ್ಲಿ ಹೇಳಬೇಡಿ. ಮೇಲಿನಿಂದ ನೇರವಾಗಿ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಇಮೇಜ್‌ಜೆ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಜಾಲರಿಯ ಒಂದೊಂದು ಕಿಂಡಿಯ ಸುತ್ತಳತೆ ಮತ್ತು ವಿಸ್ತೀರ್ಣ ಅಳೆಯಿರಿ. ಸುತ್ತಳತೆಯ ವರ್ಗವನ್ನು ವಿಸ್ತೀರ್ಣದ 16 ಪಟ್ಟಿನಿಂದ ಭಾಗಿಸಿ. ಕಿಂಡಿ ಸರಿಯಾದ ಚೌಕವಾಗಿದ್ದರೆ ಉತ್ತರ 1. ಇಂಕ್ ತೆಳುವಾಗಿ ಮೂಲೆ ತುಂಬಿ ಕಿಂಡಿ ದುಂಡಗಾದರೆ 0.785ರ ಕಡೆ ಇಳಿಯುತ್ತದೆ. ಗಟ್ಟಿಯಾಗಿ ಅಂಕುಡೊಂಕಾದರೆ 1 ದಾಟುತ್ತದೆ. 0.9ರಿಂದ 1.1ರೊಳಗೆ ಬಂದರೆ ಸಾಕು. ಹತ್ತು ಕಿಂಡಿಗಳ ಸರಾಸರಿ ಬರೆಯಿರಿ.

ಹಂತ 6: ಗಂಟು ಹಾಕಿಸುವುದು

100 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ ಬೇಕು. ಬಾಟಲಿಯ ಮೇಲೆ ಡೈಹೈಡ್ರೇಟ್ ಅಂತಿದ್ದರೆ 100 ಮಿ.ಲೀ.ಗೆ 1.47 ಗ್ರಾಂ, ನೀರಿಲ್ಲದ್ದಾದರೆ 1.11 ಗ್ರಾಂ. ದ್ರಾವಣವನ್ನು ಒಮ್ಮೆಲೇ ಸುರಿಯಬೇಡಿ, ಜಾಲರಿ ಎದ್ದು ತೇಲಿ ಮಡಚಿಕೊಳ್ಳುತ್ತದೆ. ಮೊದಲು ಸ್ಪ್ರೇ ಬಾಟಲಿಯಿಂದ ಮಂಜಿನ ಹಾಗೆ ಚಿಮುಕಿಸಿ ಎರಡು ನಿಮಿಷ ಬಿಡಿ. ಮೈ ಗಟ್ಟಿಯಾದ ಮೇಲೆ ಅಂಚಿನಿಂದ ಮೆಲ್ಲಗೆ ಸುರಿದು 10 ನಿಮಿಷ ಮುಳುಗಿಸಿ. ಜೀವಕೋಶ ಬೆರೆಸಿದ ಇಂಕ್ ಆದರೆ ಅದಕ್ಕಿಂತ ಹೆಚ್ಚು ಹೊತ್ತು ಇಡಬೇಡಿ. ಅಷ್ಟು ಕ್ಯಾಲ್ಸಿಯಂ ಅವಕ್ಕೆ ಒಳ್ಳೆಯದಲ್ಲ.

ಇನ್ನು ತೊಳೆಯುವುದು. ಇಲ್ಲಿ ನಾನು ಕಳೆದುಕೊಂಡದ್ದನ್ನು ನೀವು ಕಳೆದುಕೊಳ್ಳಬಾರದು. ಮೊದಲ ಸಲ ಹನ್ನೆರಡು ಜಾಲರಿ ಚೆನ್ನಾಗಿ ಬಂದಿದ್ದವು. ಎಲ್ಲ ಲ್ಯಾಬ್‌ಗಳಲ್ಲೂ ತೊಳೆಯಲು ಬಳಸುವ ಫಾಸ್ಫೇಟ್ ಬಫರ್‌ನಲ್ಲೇ ಅವನ್ನು ಮುಳುಗಿಸಿ ಮನೆಗೆ ಹೋದೆ. ಮರುದಿನ ಬಾಗಿಲು ತೆಗೆದು ನೋಡಿದರೆ ಡಿಶ್‌ನ ತಳದಲ್ಲಿ ಅಂಬಲಿಯಂಥ ಲೋಳೆ, ಅದರ ಮೇಲೆ ಸಣ್ಣ ಬಿಳಿ ಪುಡಿ. ಹನ್ನೆರಡರಲ್ಲಿ ಒಂದೂ ಉಳಿದಿರಲಿಲ್ಲ. ಮೂರು ವಾರದ ಕೆಲಸ. ಫಾಸ್ಫೇಟ್ ಗಂಟಿನೊಳಗಿನ ಕ್ಯಾಲ್ಸಿಯಂ ಅನ್ನು ಎಳೆದುಕೊಂಡು ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಕೂತಿತ್ತು, ಬಿಳಿ ಪುಡಿ ಅದೇ. ಬಿಚ್ಚಿದ ಜಾಗಕ್ಕೆ ಸೋಡಿಯಂ ಹೋಗಿ ಸೇರಿತ್ತು. ಸೋಡಿಯಂಗೆ ಗಂಟು ಹಾಕಲು ಬರುವುದಿಲ್ಲ. ಹಾಗಾಗಿ ಹೆಪಿಸ್ ಬಫರ್‌ನ ಸಲೈನ್‌ಗೆ 2ರಿಂದ 5 ಮಿಲಿಮೋಲಾರ್ ಕ್ಯಾಲ್ಸಿಯಂ ಹಾಕಿ ಅದರಲ್ಲಿ ತೊಳೆಯಿರಿ, ಅದರಲ್ಲೇ ಇಡಿ. ಜೀವಕೋಶದ ಆಹಾರ ದ್ರಾವಣದಲ್ಲೂ ಸ್ವಲ್ಪ ಫಾಸ್ಫೇಟ್ ಇರುತ್ತದೆ. ಆದ್ದರಿಂದ ಜಾಲರಿ ದಿನೇ ದಿನೇ ಮೆತ್ತಗಾಗುತ್ತದೆ ಅಂತ ಗೊತ್ತಿಟ್ಟುಕೊಂಡೇ ಪ್ರಯೋಗದ ಯೋಜನೆ ಮಾಡಿ.

ಎಷ್ಟು ಉಬ್ಬುತ್ತದೆ, ಎಷ್ಟು ದಿನ ಉಳಿಯುತ್ತದೆ ಅಂತ 1, 3, 7, 14ನೇ ದಿನ ತೂಕ ಮಾಡಿ ಬರೆಯಿರಿ. ಗಟ್ಟಿತನ ಅಳೆಯುವ ಯಂತ್ರ ಸಿಕ್ಕರೆ ಅದನ್ನೂ ಮಾಡಿಸಿ. ಮಿದುಳಿನ ಅಂಗಾಂಶ ಸುಮಾರು 1 ಕಿಲೋಪಾಸ್ಕಲ್‌ನಷ್ಟು ಮೆತ್ತಗೆ, ಸ್ನಾಯು 10ರ ಆಸುಪಾಸು. ನಿಮ್ಮ ಜೆಲ್ ಯಾವುದಕ್ಕೆ ಹತ್ತಿರವೋ ಆ ಅಂಗಾಂಶದ ಮಾತಾಡಿ. ಇಂಥ ಮೆತ್ತಗಿನ ಜೆಲ್‌ನಲ್ಲಿ ಮೂಳೆ ಕಟ್ಟುತ್ತೇನೆ ಅನ್ನುವುದು ಸರಿಯಲ್ಲ.

ಹಂತ 7: ಜೀವಕೋಶ

ಇಲ್ಲಿಂದ ಮುಂದೆ ಒಬ್ಬರೇ ಮಾಡುವ ಕೆಲಸವಲ್ಲ. ಬಯೋಸೇಫ್ಟಿ ಕ್ಯಾಬಿನೆಟ್, ಕಾರ್ಬನ್ ಡೈಆಕ್ಸೈಡ್ ಇನ್ಕ್ಯುಬೇಟರ್, ಕೈ ಪಳಗಿದ ಒಬ್ಬ ಹಿರಿಯರು ಬೇಕು. ಜೀವಕೋಶಗಳು ಪುಣೆಯ ಎನ್‌ಸಿಸಿಎಸ್‌ನಲ್ಲಿ (ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರ) ಸಿಗುತ್ತವೆ. ದೇಶದ ಜೀವಕೋಶ ಭಂಡಾರ ಇರುವುದು ಅಲ್ಲಿ, ಬೆಳಗಾವಿಯಿಂದ ಒಂದು ರಾತ್ರಿ ಬಸ್ಸಿನ ದಾರಿ. ಮೊದಲ ಪರೀಕ್ಷೆಗೆ ಇಲಿಯ ಎಲ್929 ಕೋಶಗಳು ರೂಢಿ.

ಕ್ರಿಮಿ ಕೊಲ್ಲಲು ಇಂಕನ್ನು ಆಟೋಕ್ಲೇವ್‌ಗೆ (ಒತ್ತಡದ ಹಬೆಯ ಯಂತ್ರ) ಹಾಕಬೇಡಿ. 121 ಡಿಗ್ರಿಯಲ್ಲಿ ಪೆಕ್ಟಿನ್ ಎಳೆ ತುಂಡಾಗಿ ಇಂಕ್ ನೀರಾಗುತ್ತದೆ. ಇಂಕ್ ಹದ ಮಾಡುವ ಮೊದಲೇ ಪೆಕ್ಟಿನ್, ಆಲ್ಜಿನೇಟ್ ಎರಡನ್ನೂ ತೆಳು ದ್ರಾವಣ ಮಾಡಿ 0.22 ಮೈಕ್ರೋಮೀಟರ್ ಫಿಲ್ಟರ್‌ನಲ್ಲಿ ಸೋಸಿ, ಮತ್ತೆ ಫ್ರೀಜ್ ಡ್ರೈ ಮಾಡಿದರೆ ಎಳೆ ಉಳಿಯುತ್ತದೆ. ಮೀಥೈಲ್ ಸೆಲ್ಯುಲೋಸ್ ಪುಡಿ ಮಾತ್ರ ಒಣದಾಗಿಯೇ ಆಟೋಕ್ಲೇವ್ ತಾಳುತ್ತದೆ.

ಮೊದಲು ನೇರವಾಗಿ ಜಾಲರಿಯ ಮೇಲೆ ಕೋಶ ಬಿತ್ತಬೇಡಿ. ಜಾಲರಿಯನ್ನು ಪ್ರತಿ ಮಿ.ಲೀ.ಗೆ 0.1 ಗ್ರಾಂನಂತೆ ಆಹಾರ ದ್ರಾವಣದಲ್ಲಿ 37 ಡಿಗ್ರಿಯಲ್ಲಿ 24 ತಾಸು ನೆನೆಸಿ, ಆ ದ್ರಾವಣವನ್ನು ಕೋಶಗಳಿಗೆ ಕೊಟ್ಟು ಇನ್ನೊಂದು 24 ತಾಸಿಗೆ ಎಂಟಿಟಿ ಪರೀಕ್ಷೆ (ಎಷ್ಟು ಕೋಶ ಬದುಕಿವೆ ಅಂತ ಬಣ್ಣದಿಂದ ತಿಳಿಯುವುದು) ಮಾಡಿ. ವೈದ್ಯಕೀಯ ಸಾಧನಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 10993-5 ಪ್ರಕಾರ ಬದುಕಿದ್ದು ಶೇ. 70ಕ್ಕಿಂತ ಕಡಿಮೆ ಆದರೆ ಜೆಲ್‌ನಲ್ಲಿ ವಿಷದ ಗುಣ ಇದೆ ಅಂತ ಲೆಕ್ಕ. ಹಾಗಾದರೆ ಹಂತ 1 ಮತ್ತು 2ಕ್ಕೆ ವಾಪಸ್ ಹೋಗಿ: ಎಣ್ಣೆ ಉಳಿಯಿತಾ, ಆಮ್ಲ ಉಳಿಯಿತಾ, ಎಥನಾಲ್ ಉಳಿಯಿತಾ? ನಾನು ಕಂಡಂತೆ ಹೆಚ್ಚಿನ ಸಲ ತಪ್ಪು ಸಿಗುವುದು ಅಲ್ಲೇ.

ಈ ಪರೀಕ್ಷೆ ದಾಟಿ ಕೋಶ ಬಿತ್ತಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ಅವು ದುಂಡಗೆ ಕಂಡರೆ ಹೆದರಬೇಡಿ. ಸತ್ತಿರುವುದಿಲ್ಲ, ಹಿಡಿದುಕೊಳ್ಳಲು ಕೊಂಡಿ ಸಿಕ್ಕಿರುವುದಿಲ್ಲ. ಪ್ರಾಣಿಕೋಶ ಹಿಡಿಯುವ ಕೊಂಡಿ ಗಿಡದ ಎಳೆಯಲ್ಲಿ ಇಲ್ಲ. ಆರ್‌ಜಿಡಿ ಅನ್ನುವ ಮೂರು ಅಮೈನೋ ಆಮ್ಲಗಳ ಪುಟ್ಟ ತುಣುಕು ಆ ಕೊಂಡಿ, 1984ರಲ್ಲಿ ಪತ್ತೆಯಾದದ್ದು. ಅದನ್ನು ರಾಸಾಯನಿಕವಾಗಿ ಪೆಕ್ಟಿನ್‌ಗೆ ಜೋಡಿಸಬಹುದು, ದುಬಾರಿ. ಪ್ರಾಣಿಮೂಲ ಪರವಾಗಿಲ್ಲ ಅನ್ನುವವರು ಸ್ವಲ್ಪ ಜೆಲಾಟಿನ್ ಬೆರೆಸುತ್ತಾರೆ. ನಾನು ವಿದ್ಯಾರ್ಥಿಗಳಿಗೆ ಹೇಳುವುದು, ಮೊದಲ ವರ್ಷ ಕೊಂಡಿ ಇಲ್ಲದೆಯೇ ಮಾಡಿ, ಬದುಕಿದ್ದನ್ನು ಮಾತ್ರ ಅಳೆಯಿರಿ ಅಂತ. ಕೊಂಡಿಯ ಕೆಲಸವೇ ಇನ್ನೊಂದು ವರ್ಷದ ಪ್ರಾಜೆಕ್ಟ್ ಆಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಲ್ಯಾಬ್‌ನಲ್ಲಿ ಮಾಡಿದ ಈ ಜೆಲ್ಲನ್ನು ಯಾರ ಗಾಯಕ್ಕೂ ಹಚ್ಚಬಾರದು, ನಿಮ್ಮ ಕೈಯ ಸುಟ್ಟ ಗಾಯಕ್ಕೂ. ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಮನುಷ್ಯರ ಬಳಕೆಗೆ 2017ರ ವೈದ್ಯಕೀಯ ಸಾಧನಗಳ ನಿಯಮಗಳ ದಾರಿಯಲ್ಲೇ ಹೋಗಬೇಕು.

ಕೆಲಸ ಮುಗಿದ ಮೇಲೆ

ಉಳಿದ ಇಂಕನ್ನು ಸಿರಿಂಜ್‌ನಲ್ಲೇ ಬಾಯಿ ಮುಚ್ಚಿ ಫ್ರಿಜ್‌ನಲ್ಲಿ ಇಡಿ. ಒಂದು ವಾರದೊಳಗೆ ಬಳಸಿ, ಬಳಸುವ ಮುನ್ನ ದಾರದ ಪರೀಕ್ಷೆ ಮತ್ತೆ ಮಾಡಿ. ಒಣ ಪೆಕ್ಟಿನ್ ಡಬ್ಬಿಯ ಮೇಲೆ ಸಿಪ್ಪೆ ತಂದ ದಿನ, ಟೈಟ್ರೇಷನ್ ಅಂಕಿ, ಹೈಡ್ರಾಕ್ಸೈಡ್‌ನಲ್ಲಿ ಎಷ್ಟು ಹೊತ್ತು ಇಟ್ಟಿರಿ ಅನ್ನುವುದನ್ನು ಬರೆದು ಅಂಟಿಸಿ.

ಮೂತಿಯೊಳಗೆ ಜೆಲ್ ಗಟ್ಟಿಯಾಗಿ ಕೂತಿದ್ದರೆ ತಂತಿ ಹಾಕಿ ಚುಚ್ಚಬೇಡಿ, ಒಳಮೈ ಗೀರಿ ಮುಂದೆ ಎಳೆ ವಾರೆಯಾಗಿ ಬರುತ್ತದೆ. ಸೋಡಿಯಂ ಸಿಟ್ರೇಟ್ ದ್ರಾವಣದಲ್ಲಿ ರಾತ್ರಿ ನೆನೆಹಾಕಿ. ಸಿಪ್ಪೆ ಬೇಯಿಸುವಾಗ ಬೇಡ ಅಂದ ಅದೇ ಸಿಟ್ರೇಟ್ ಇಲ್ಲಿ ಬೇಕು. ಅದು ಗಂಟಿನ ಕ್ಯಾಲ್ಸಿಯಂ ಅನ್ನೆಲ್ಲ ಎಳೆದುಕೊಳ್ಳುತ್ತದೆ, ಬೆಳಗ್ಗೆ ಡಿಸ್ಟಿಲ್ಡ್ ವಾಟರ್ ಹಾಯಿಸಿದರೆ ಮೂತಿ ಖಾಲಿ.